ಷರತ್ತು ಎಲ್ಲಿ ಹಾಕಬೇಕು?

ಕೇಳುಗರಿಗೆ ನಮಸ್ಕಾರ. ಬೆಂಗಳೂರಲ್ಲಿ ಮನೆಗೊಬ್ಬರಾದರೂ ಸಾಫ್ಟ್‌ವೇರ್‌ನವರು ಇರುತ್ತಾರೆ. ಆ ಧೈರ್ಯದ ಮೇಲೆ ಇವತ್ತು ಟೈಪ್‌ಗಳ ವಿಷಯ ಎತ್ತಿಕೊಂಡಿದ್ದೇನೆ. ಪ್ರೋಗ್ರಾಂನಲ್ಲಿ ಒಂದು ಮಾಹಿತಿ ಸಂಖ್ಯೆಯೋ, ಅಕ್ಷರವೋ, ಇನ್ನೇನೋ ಅಂತ ಹೇಳುವ ಗುರುತೇ ಟೈಪ್.

ಬಿಎಂಟಿಸಿ ಬಸ್ ನಂಬರ್‌ಗಳ ಪಟ್ಟಿ ಇದೆ ಅಂದುಕೊಳ್ಳಿ. ಎಷ್ಟಿವೆ ಅಂತ ಎಣಿಸಲು ಬರೆದ ಫಂಕ್ಷನ್, ಅಂದರೆ ಆ ಕೆಲಸ ಮಾಡುವ ಪ್ರೋಗ್ರಾಂ ತುಣುಕು, ಸಂಬಳದ ಪಟ್ಟಿಗೂ ನಡೆಯುತ್ತದೆ. ಒಳಗೇನಿದೆ ಅಂತ ಅದು ನೋಡುವುದೇ ಇಲ್ಲ. ಕ್ರಮವಾಗಿ ಜೋಡಿಸಬೇಕು, ಸಾರ್ಟ್ ಮಾಡಬೇಕು ಅಂದರೆ ಮಾತ್ರ ಕತೆ ಬೇರೆ. ಎರಡರಲ್ಲಿ ಯಾವುದು ಮೊದಲು ಅಂತ ಗೊತ್ತಾಗಬೇಕಲ್ವಾ?

ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾರ್ಟ್ ಫಂಕ್ಷನ್ನಿನ ಟೈಪಿನಲ್ಲೇ 'ಆರ್ಡ್ ಎ' ಅಂತ ಬರೆದಿರುತ್ತದೆ. ಎ ಯಾವ ಟೈಪಾದರೂ ಆಗಲಿ, ಅದಕ್ಕೊಂದು ಕ್ರಮ ಇರಬೇಕು ಅನ್ನುವ ಷರತ್ತು ಅದು. 1989ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ ಮುಂದಿಟ್ಟ, ಯಾವ ಟೈಪಿಗೆ ಏನು ಮಾಡಲು ಬರುತ್ತದೆ ಅಂತ ಹೇಳುವ ಟೈಪ್ ಕ್ಲಾಸ್ ಇದು. ಫಂಕ್ಷನ್‌ಗಳದ್ದೇ ಪಟ್ಟಿ ಕೊಟ್ಟು ಸಾರ್ಟ್ ಮಾಡು ಅಂದರೆ, ಪ್ರೋಗ್ರಾಂ ಓಡುವ ಮೊದಲೇ ಅದನ್ನು ಪರೀಕ್ಷಿಸಿ ಅನುವಾದಿಸುವ ಕಂಪೈಲರ್ ಒಪ್ಪುವುದಿಲ್ಲ. ಓಕ್ಯಾಮಲ್ ಅನ್ನುವ ಇನ್ನೊಂದು ಭಾಷೆಯಲ್ಲಿ ಎರಡನ್ನು ಹೋಲಿಸುವ ಕಂಪೇರ್ ಹಾಗಲ್ಲ. ಮೊದಲು ಹೂಂ ಅನ್ನುತ್ತದೆ, ಪ್ರೋಗ್ರಾಂ ಓಡುವಾಗ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ ಎಸೆಯುತ್ತದೆ.

ಹಾಗಂತ ಷರತ್ತನ್ನು ಜಾಸ್ತಿ ನಂಬಬೇಡಿ. ಬಸ್ ನಂಬರನ್ನು ಸ್ಟ್ರಿಂಗ್ ಆಗಿ, ಅಂದರೆ ಒಂದೊಂದೇ ಅಕ್ಷರ ಹೋಲಿಸುವ ಅಕ್ಷರಗಳ ಸಾಲಾಗಿ ಇಟ್ಟರೆ 335ಇ ಮೊದಲು ಬರುತ್ತದೆ, 60ಎ ಆಮೇಲೆ. ಕ್ರಮ ಇದೆಯಾ ಅಂತ ಕಂಪೈಲರ್ ಕೇಳುತ್ತದೆ. ಅದು ನಿಮಗೆ ಬೇಕಾದ ಕ್ರಮವೇ ಅಂತ ಕೇಳುವುದಿಲ್ಲ.

ಜಗಳ ಇರುವುದು ಈ ಷರತ್ತನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲಿ. ಸೆಟ್ ತಗೊಳ್ಳಿ, ಅಂದರೆ ಒಂದೇ ವಸ್ತು ಎರಡು ಸಲ ಇರದ ಸಂಗ್ರಹ. ಎಫ್ ಶಾರ್ಪ್ ಭಾಷೆಯಲ್ಲಿ ಸೆಟ್ ಟೈಪಿಗೇ ಷರತ್ತು ಅಂಟಿಕೊಂಡಿದೆ. ಹೋಲಿಸಲು ಬಾರದ ಟೈಪಿನ ಸೆಟ್ ಅಂತ ಬರೆಯುವುದಕ್ಕೇ ಆಗದು. ಹ್ಯಾಸ್ಕೆಲ್‌ನಲ್ಲಿ ಸೆಟ್ ಏನನ್ನೂ ಕೇಳುವುದಿಲ್ಲ. ಹೊಸದೊಂದನ್ನು ಸೇರಿಸುವ ಇನ್ಸರ್ಟ್ ಕೇಳುತ್ತದೆ, ಗಾತ್ರ ಹೇಳುವ ಸೈಜ್ ಕೇಳುವುದಿಲ್ಲ. ಡೇಟಾ ಟೈಪಿನ ಮೇಲೆ ಷರತ್ತು ಬರೆಯುವ ಸೌಲಭ್ಯ ಹ್ಯಾಸ್ಕೆಲ್‌ನಲ್ಲೂ ಮೊದಲು ಇತ್ತು. ಅದರಿಂದ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ಟೈಪಿನಲ್ಲಿ ಒಮ್ಮೆ ಬರೆದರೂ, ಆ ಡೇಟಾವನ್ನು ಬಿಡಿಸಿ ನೋಡುವ ಪ್ರತಿ ಫಂಕ್ಷನ್ನಿಗೂ ಅದನ್ನೇ ಮತ್ತೆ ಬರೆಯಬೇಕಿತ್ತು, ಅಗತ್ಯ ಇರಲಿ ಬಿಡಲಿ. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಜಿಎಚ್‌ಸಿ ಆಮೇಲೆ ಅದನ್ನು ಬಳಸಬೇಡಿ ಅಂತ ಬದಿಗಿಟ್ಟಿತು. ಒಳ್ಳೆಯದೇ ಆಯಿತು. ಯಾರಿಗೆ ಬೇಕೋ ಅವರೇ ಕೇಳಲಿ.

ಇದಕ್ಕೂ ಒಂದು ಬೆಲೆ ಇದೆ. ಒಳಗಿನ ಪ್ರತಿಯೊಂದಕ್ಕೂ ಒಂದು ಫಂಕ್ಷನ್ ಹಚ್ಚುವುದಕ್ಕೆ ಮ್ಯಾಪ್ ಅನ್ನುತ್ತಾರೆ, ಅದು ಯಾವ ಟೈಪಿಗೂ ನಡೆಯುವ ಸಂಗ್ರಹಕ್ಕೆ ಫಂಕ್ಟರ್ ಅನ್ನುತ್ತಾರೆ. ಲಿಸ್ಟಿನ ಹಾಗೆ ಸೆಟ್ಟನ್ನೂ ಫಂಕ್ಟರ್ ಮಾಡೋಣ ಅಂದರೆ ಆಗುವುದಿಲ್ಲ. ಮ್ಯಾಪ್ ಮಾಡಿ ಬಂದ ಹೊಸ ಟೈಪಿಗೂ ಕ್ರಮ ಬೇಕು, ಫಂಕ್ಟರ್ ಆ ಷರತ್ತಿಗೆ ಜಾಗವನ್ನೇ ಇಟ್ಟಿಲ್ಲ. ಅದಕ್ಕೇ ಹ್ಯಾಸ್ಕೆಲ್‌ನ ಸೆಟ್ ತನ್ನದೇ ಬೇರೆ ಮ್ಯಾಪ್ ಇಟ್ಟುಕೊಂಡು ಕೂತಿದೆ.