ಭಾರ ಎಲ್ಲಿಗೆ ಹೋಗುತ್ತದೆ? ಎಸ್‌ಇ ಪರೀಕ್ಷೆಗೆ ಕೂರುವವರ ಜೊತೆ ಒಂದು ಮಾತುಕತೆ

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ "ಎಸ್‌ಇ ಪರೀಕ್ಷೆ ಪಾಸಾಗುವುದು ಹೇಗೆ". ಎಸ್‌ಇ ಅಂದರೆ ಸ್ಟ್ರಕ್ಚರಲ್ ಎಂಜಿನಿಯರ್, ಕಟ್ಟಡ ಸೇತುವೆಗಳು ಭಾರ ತಡೆಯುವಂತೆ ಲೆಕ್ಕ ಹಾಕುವವರು. ಅಮೆರಿಕದಲ್ಲಿ ಅವರ ಲೈಸೆನ್ಸಿಗೆ ಬರೆಯುವ ಪರೀಕ್ಷೆ ಇದು. ಪಾಸಾಗುವ ಉಪಾಯ ಗೊತ್ತಿದ್ದವರು ಆಗಲೇ ಕೋಚಿಂಗ್ ಕ್ಲಾಸ್ ತೆರೆದಿದ್ದಾರೆ, ಚೆನ್ನಾಗಿ ನಡೆಸುತ್ತಲೂ ಇದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯಲು ನಾನು ಬಂದಿಲ್ಲ. ನಾನು ಹೇಳುವುದು ಒಂದೇ ಮಾತು. ಈ ಪರೀಕ್ಷೆಯಲ್ಲಿ ನೂರು ಥರದ ಲೆಕ್ಕ ಬರಬಹುದು, ಆದರೆ ಅದು ಕೇಳುವ ಪ್ರಶ್ನೆ ಒಂದೇ: ಭಾರ ಎಲ್ಲಿಗೆ ಹೋಗುತ್ತದೆ?

ನಿಮ್ಮಲ್ಲಿ ಜಾಸ್ತಿ ಜನ ಪಿಇ, ಅಂದರೆ ಎಂಜಿನಿಯರ್‌ಗಳ ಸಾಮಾನ್ಯ ಲೈಸೆನ್ಸಿನ ಪರೀಕ್ಷೆ, ಮುಗಿಸಿದವರು. ಪರೀಕ್ಷೆಯ ಸ್ವರೂಪ ನಿಮಗೆ ಗೊತ್ತೇ ಇದೆ. 2011ರಿಂದ ನಡೆದು ಬಂದದ್ದು ಹದಿನಾರು ಗಂಟೆಯ ಪರೀಕ್ಷೆ. ಒಂದು ದಿನ ಮೇಲಿಂದ ಕೆಳಕ್ಕೆ ಇಳಿಯುವ ಭಾರ, ಇನ್ನೊಂದು ದಿನ ಗಾಳಿ ಮತ್ತು ಭೂಕಂಪದ ಅಡ್ಡ ಬಲ. ಆಗ ಸೂಟ್‌ಕೇಸ್ ತುಂಬ ಪುಸ್ತಕ ತುಂಬಿಕೊಂಡು, ಪುಟಪುಟಕ್ಕೂ ಬಣ್ಣದ ಚೀಟಿ ಅಂಟಿಸಿಕೊಂಡು ಒಳಗೆ ಹೋಗುತ್ತಿದ್ದರು. ನೋಡಿದವರಿಗೆ ಇವರು ಊರು ಬಿಡುತ್ತಿದ್ದಾರೆ ಅನ್ನಿಸಬೇಕು, ಹಾಗಿರುತ್ತಿತ್ತು. 2024ರಿಂದ ಎಲ್ಲ ಕಂಪ್ಯೂಟರಿನಲ್ಲಿ. ನಾಲ್ಕು ಭಾಗ, ಬೇರೆ ಬೇರೆ ದಿನ ಬರೆಯಬಹುದು: ಮೇಲಿಂದ ಇಳಿಯುವ ಭಾರಕ್ಕೆ (ವರ್ಟಿಕಲ್) ಎರಡು, ಅಡ್ಡ ಬಲಕ್ಕೆ (ಲ್ಯಾಟರಲ್) ಎರಡು. ಎರಡರಲ್ಲೂ ಎಲ್ಲವನ್ನೂ ಮುಟ್ಟಿ ಹೋಗುವ ಬ್ರೆಡ್ತ್ ಒಂದು, ಆಳಕ್ಕೆ ಇಳಿಯುವ ಡೆಪ್ತ್ ಒಂದು. ಪುಸ್ತಕ ಒಳಗೆ ಬಿಡುವುದಿಲ್ಲ. ವಿನ್ಯಾಸದ ನಿಯಮಗಳ ಪುಸ್ತಕಗಳು, ಅಂದರೆ ಕೋಡ್‌ಗಳೆಲ್ಲ ಸ್ಕ್ರೀನಿನ ಮೇಲೆ.

"ಇಷ್ಟು ಕಷ್ಟ ಯಾಕೆ ಸಾರ್? ಲೈಸೆನ್ಸ್ ಒಂದು ಆಗಲೇ ಇದೆಯಲ್ಲ" ಎಂದು ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸ್ಟ್ರಕ್ಚರಲ್ ಎಂಜಿನಿಯರ್‌ಗಳಿಗೆ ಪ್ರತ್ಯೇಕ ಲೈಸೆನ್ಸ್ ಅಂತ ಮೊದಲು ತಂದದ್ದು ಇಲಿನಾಯ್, 1915ರಲ್ಲಿ. ಕ್ಯಾಲಿಫೋರ್ನಿಯಾಕ್ಕೆ ಬುದ್ಧಿ ಬರಲು ಒಂದು ಅಣೆಕಟ್ಟೇ ಒಡೆಯಬೇಕಾಯಿತು. 1928ರ ಮಾರ್ಚ್ 12ರ ನಡುರಾತ್ರಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಸಿವಿಲ್ ಎಂಜಿನಿಯರ್‌ಗಳ ನೋಂದಣಿ ಕಾಯ್ದೆ ಬಂತು. 1933ರ ಮಾರ್ಚ್ 10ರಂದು ಲಾಂಗ್ ಬೀಚ್ ಭೂಕಂಪ. ಸಂಜೆ 5 ಗಂಟೆ 54 ನಿಮಿಷಕ್ಕೆ ಆಯಿತು. ಶಾಲೆಗಳು ಕುಸಿದು ಬಿದ್ದವು, ಆದರೆ ಅಷ್ಟು ಹೊತ್ತಿಗೆ ಮಕ್ಕಳು ಮನೆಗೆ ಹೋಗಿದ್ದರು. ಒಂದು ತಿಂಗಳೊಳಗೆ ಶಾಲಾ ಕಟ್ಟಡಗಳ ಸುರಕ್ಷತೆಗೆ ಫೀಲ್ಡ್ ಆಕ್ಟ್ ಎಂಬ ಕಾಯ್ದೆ ಬಂತು. ಮೂರು ಗಂಟೆ ಮೊದಲು ಆಗಿದ್ದರೆ? ಬೇಡ ಬಿಡಿ.

ಇವೆಲ್ಲ ಹಳೆಯ ಕತೆ ಅನ್ನಬಹುದು. ಹಾಗಾದರೆ ಕನ್ಸಾಸ್ ಸಿಟಿಗೆ ಬನ್ನಿ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ನಗುತ್ತಿದ್ದಾರೆ, ಅವರು ಮೊದಲೂ ಕೇಳಿದವರು. ಇನ್ನೊಂದು ಸಲ ಕೇಳಿದರೆ ನಷ್ಟವಿಲ್ಲ.

1981ರ ಜುಲೈ 17, ಶುಕ್ರವಾರ ಸಂಜೆ. ಹಯಾಟ್ ರೀಜೆನ್ಸಿ ಹೋಟೆಲಿನ ಲಾಬಿಯಲ್ಲಿ ಡ್ಯಾನ್ಸ್ ಕಾರ್ಯಕ್ರಮ. ಮೇಲೆ ಅಡ್ಡಡ್ಡ ತೂಗುವ ನಡೆದಾಡುವ ಸೇತುವೆಗಳು. ನಾಲ್ಕನೇ ಮಹಡಿಯದರ ನೇರ ಕೆಳಗೆ ಎರಡನೇ ಮಹಡಿಯದು. ಮೂರನೆಯದು ಪಕ್ಕದಲ್ಲಿ, ಬೇರೆಯಾಗಿ. ಮೂಲ ಡ್ರಾಯಿಂಗಿನಲ್ಲಿ ಸೂರಿನಿಂದ ಇಳಿದ ಒಂದೇ ಉದ್ದನೆಯ ಕಂಬಿ ನಾಲ್ಕನೆಯದರ ಬೀಮ್ ತೂರಿ ಎರಡನೆಯದರವರೆಗೂ ಹೋಗುತ್ತಿತ್ತು. ಪ್ರತಿ ಬೀಮಿನ ಕೆಳಗೂ ಒಂದು ನಟ್ಟು. ಆದರೆ ನಡುಮಧ್ಯದಲ್ಲಿ ನಟ್ಟು ಕೂರಬೇಕೆಂದರೆ ಅಷ್ಟುದ್ದ ಕಂಬಿಗೆ ತಿರುಪಿನ ಮರೆ (ಥ್ರೆಡ್) ಕೊರೆಯಬೇಕು. ಯಾರಿಗೆ ಬೇಕು ಆ ಕಷ್ಟ? ಒಂದು ಕಂಬಿಯನ್ನು ಎರಡು ಮಾಡಿದರು. ಮೇಲಿನ ಕಂಬಿ ಸೂರಿನಿಂದ ನಾಲ್ಕನೇ ಮಹಡಿಗೆ. ಕೆಳಗಿನ ಕಂಬಿ ನಾಲ್ಕನೆಯದರ ಬೀಮಿನಿಂದ ಎರಡನೆಯದಕ್ಕೆ. ಕಾಗದದ ಮೇಲೆ ನೋಡಿದರೆ ಒಂದಿಷ್ಟು ಇಂಚು ಪಕ್ಕಕ್ಕೆ ಸರಿಸಿದ ಹಾಗೆ, ಅಷ್ಟೇ.

ಈಗ ಹಗ್ಗ ಹಿಡಿದು ನೇತಾಡುವ ಇಬ್ಬರನ್ನು ನೆನೆಸಿಕೊಳ್ಳಿ. ಇಬ್ಬರೂ ಹಗ್ಗವನ್ನೇ ಹಿಡಿದಿದ್ದರೆ ಅವರವರ ಭಾರ ಅವರವರ ಕೈಗೆ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದುಕೊಂಡರೆ? ಹಗ್ಗಕ್ಕೇನೂ ಗೊತ್ತಾಗುವುದಿಲ್ಲ, ಅದಕ್ಕೆ ಮೊದಲೂ ಇಬ್ಬರ ಭಾರ, ಈಗಲೂ ಇಬ್ಬರ ಭಾರ. ಗೊತ್ತಾಗುವುದು ಮೇಲಿನವನ ಕೈಗೆ. ನಾಲ್ಕನೇ ಮಹಡಿಯ ಬೀಮಿನ ಕೆಳಗಿದ್ದ ನಟ್ಟಿಗೆ ಆದದ್ದು ಇದೇ. ಭಾರ ಎರಡರಷ್ಟಾಯಿತು.

ಆ ಬೀಮ್ ಆದರೂ ಎಂಥದ್ದು? ಎರಡು ಚಾನಲ್‌ಗಳನ್ನು (ಸಿ ಆಕಾರದ ಉಕ್ಕಿನ ತೊಲೆಗಳನ್ನು) ಮುಖಾಮುಖಿ ಇಟ್ಟು ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡಿದ ಡಬ್ಬಿ. ಕಂಬಿಯ ತೂತನ್ನು ಕೊರೆದದ್ದು ಸರಿಯಾಗಿ ಆ ವೆಲ್ಡಿನ ಮೇಲೆ. ಆಮೇಲಿನ ತನಿಖೆ ಹೇಳಿದ್ದು ಇದು: ಮೂಲ ವಿನ್ಯಾಸವೇ ಕೋಡ್ ಕೇಳುವ ಬಲದ ಸುಮಾರು 60 ಶೇಕಡಾ ಮಾತ್ರ ತಡೆಯುತ್ತಿತ್ತು. ಬದಲಾಯಿಸಿದ ಮೇಲೆ ಸುಮಾರು 30. ವೆಲ್ಡ್ ಬಾಯಿ ಬಿಟ್ಟಿತು, ನಟ್ಟು ಬೀಮಿನೊಳಗಿಂದ ಕಿತ್ತು ಬಂತು, ಸೇತುವೆಗಳು ಕುಸಿದು ಬಿದ್ದವು. 114 ಜನ ಸತ್ತರು. ಇಬ್ಬರು ಎಂಜಿನಿಯರ್‌ಗಳು ಮಿಸೌರಿ ಲೈಸೆನ್ಸ್ ಕಳೆದುಕೊಂಡರು. ಆ ಜೋಡಣೆಯ ಲೆಕ್ಕವನ್ನು ಯಾರೂ ಮಾಡಿಯೇ ಇರಲಿಲ್ಲ. ಇದರಲ್ಲಿ ಕಷ್ಟದ ಗಣಿತ ಏನಿತ್ತು ಹೇಳಿ. ಕೂಡುವುದು ಬಂದರೆ ಸಾಕಿತ್ತು. ಭಾರ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬೆರಳಿಟ್ಟು ನೋಡಲಿಲ್ಲ.

ಎಸ್‌ಇ ಪರೀಕ್ಷೆ ನಿಮ್ಮಿಂದ ಮಾಡಿಸುವುದು ಆ ಬೆರಳಿಡುವ ಕೆಲಸವನ್ನೇ. ಒಂದು ಚಿಕ್ಕ ಲೆಕ್ಕ ನೋಡಿ. ಬೋರ್ಡ್ ಇಲ್ಲ, ಮನಸ್ಸಿನಲ್ಲೇ ಬರೆದುಕೊಳ್ಳಿ. 100 ಅಡಿ ಉದ್ದ, 50 ಅಡಿ ಅಗಲದ ಒಂದು ಸೂರು. ಉದ್ದದ ಬದಿಯ ಮೇಲೆ ಅಡಿಗೆ 300 ಪೌಂಡ್ ಅಡ್ಡ ಬಲ. (ಕಿಲೋನ್ಯೂಟನ್‌ನಲ್ಲಿ ಓದಿ ಬಂದವರಿಗೆ ಈ ಪೌಂಡು, ಸಾವಿರ ಪೌಂಡಿನ ಕಿಪ್ಪುಗಳ ಸಂಕಟ ನನಗೆ ಗೊತ್ತು. ನನಗೆ ಇವತ್ತಿಗೂ ಕನಸು ಬೀಳುವುದು ಕಿಲೋನ್ಯೂಟನ್‌ನಲ್ಲೇ.) ಒಟ್ಟು 30,000. ಒಂದೊಂದು ಕೊನೆಗೆ 15,000. 50 ಅಡಿಗೆ ಹಂಚಿದರೆ ಡಯಾಫ್ರಾಮಿನಲ್ಲಿ, ಅಂದರೆ ಅಡ್ಡ ಬಲವನ್ನು ಗೋಡೆಗಳಿಗೆ ಸಾಗಿಸುವ ಆ ಸೂರಿನಲ್ಲಿ, ಅಡಿಗೆ 300 ಪೌಂಡ್ ಶಿಯರ್, ಅಂದರೆ ಪಕ್ಕಕ್ಕೆ ಜಾರಿಸುವ ಬಲ. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ.

ಆದರೆ ಆ ಕೊನೆಯಲ್ಲಿ ಅಡ್ಡ ಬಲ ತಡೆಯುವ ಗೋಡೆ, ಅಂದರೆ ಶಿಯರ್ ವಾಲ್, ಇರುವುದು ಒಂದು ಮೂಲೆಯಿಂದ 20 ಅಡಿ ಮಾತ್ರ. ಉಳಿದ 30 ಅಡಿ ಕಿಟಕಿ, ಬಾಗಿಲು. ಹಾಗಾದರೆ ಆ 30 ಅಡಿಯಲ್ಲಿ ಸೂರು ಇಳಿಸಿದ ಬಲ ಎಲ್ಲಿ ಹೋಯಿತು? 30 ಗುಣಿಸು 300, ಅಂದರೆ 9,000 ಪೌಂಡ್. ಅದನ್ನು ಒಟ್ಟುಮಾಡಿ ಗೋಡೆಯವರೆಗೆ ಎಳೆದು ತರಲು ಒಂದು ತುಂಡು ಬೇಕು. ಅದೇ ಕಲೆಕ್ಟರ್. ಗೋಡೆ 12 ಅಡಿ ಎತ್ತರ ಇದ್ದರೆ, ಗೋಡೆಯ ಸ್ವಂತ ಭಾರ ಬಿಟ್ಟು, ಗೋಡೆಯ ತುದಿ ಮೇಲೇಳದಂತೆ ಹಿಡಿದಿಡುವ ಹೋಲ್ಡ್‌ಡೌನ್ ಮೇಲಿನ ಎಳೆತವೂ (15,000 ಗುಣಿಸು 12, ಭಾಗಿಸು 20) 9,000 ಬರುತ್ತದೆ. ಇದು ಬರೀ ಕಾಕತಾಳೀಯ, ದಯವಿಟ್ಟು ಸೂತ್ರ ಅಂತ ಬರೆದುಕೊಳ್ಳಬೇಡಿ! ಅಲ್ಲಿ ಯಾರೋ ಬರೆದುಕೊಳ್ಳುತ್ತಿದ್ದಾರೆ, ನೋಡಿದೆ.

ಇನ್ನು ಕೊಕ್ಕೆ. ಭೂಕಂಪದ ಅಪಾಯ ಜಾಸ್ತಿ ಇರುವ ಕಡೆ ಕಲೆಕ್ಟರನ್ನು ಓವರ್‌ಸ್ಟ್ರೆಂತ್, ಅಂದರೆ ಲೆಕ್ಕದ ಬಲವನ್ನು ಹೆಚ್ಚಿಸುವ ಗುಣಕ, ಸೇರಿಸಿಯೇ ಡಿಸೈನ್ ಮಾಡಬೇಕು. ಇಡೀ ಕಟ್ಟಡಕ್ಕೆ ಮರದ ಹಗುರ ಚೌಕಟ್ಟಿನ ಶಿಯರ್ ವಾಲ್‌ಗಳೇ ಆಧಾರವಾಗಿದ್ದರೆ ಅದರಿಂದ ರಿಯಾಯಿತಿ ಉಂಟು. ಪ್ರಶ್ನೆಯ ನಕ್ಷೆಯಲ್ಲಿ ಒಂದು ಗೋಡೆ ಮ್ಯಾಸನ್ರಿ (ಇಟ್ಟಿಗೆ, ಕಲ್ಲಿನದು) ಎಂದು ಸಣ್ಣ ಅಕ್ಷರದಲ್ಲಿ ಇದ್ದರೆ ಆ ರಿಯಾಯಿತಿ ಹೋಯಿತು. ಸೂತ್ರ ಬಾಯಿಪಾಠ ಮಾಡಿದವರು ಇಲ್ಲಿ ಜಾರುತ್ತಾರೆ. ಬಲದ ಹಿಂದೆಯೇ ನಡೆದು ಬಂದವರಿಗೆ ಆ ಗೋಡೆ ತಾನಾಗಿಯೇ ಎದುರಾಗುತ್ತದೆ, ಯಾಕೆಂದರೆ ಬಲ ಕೊನೆಗೆ ಹೋಗುವುದು ಅಲ್ಲಿಗೇ.

ಹಾಗಂತ ಪರೀಕ್ಷೆ ನಡೆಸುವವರನ್ನು ನಾನು ಹೊಗಳುತ್ತಿಲ್ಲ. ಸ್ಕ್ರೀನಿಗೆ ಬಂದ ಮೇಲೆ ಒಂದು ಒಳ್ಳೆಯದು ಹೋಯಿತು. ಹಿಂದೆ ಮಧ್ಯಾಹ್ನದ ಭಾಗದಲ್ಲಿ ಕೈಯಿಂದ ಡಿಟೇಲ್, ಅಂದರೆ ಜೋಡಣೆಯ ಚಿತ್ರ, ಬಿಡಿಸಿ, ಬೋಲ್ಟ್ ಎಲ್ಲಿ, ವೆಲ್ಡ್ ಎಲ್ಲಿ ಎಂದು ತೋರಿಸಬೇಕಿತ್ತು. ತಿದ್ದುವವರಿಗೆ ನಿಮ್ಮ ತಲೆಯೊಳಗೆ ಏನಿದೆ ಎಂದು ಕಾಣುತ್ತಿತ್ತು. ಕನ್ಸಾಸ್ ಸಿಟಿಯ ತಪ್ಪು ಕೂಡ ಉತ್ತರದ ಸಂಖ್ಯೆಯಲ್ಲಿ ಕಾಣುವಂಥದ್ದಲ್ಲ, ಚಿತ್ರದಲ್ಲಿ ಕಾಣುವಂಥದ್ದು. ಕೋಡ್ ಹುಡುಕುತ್ತಾ ಮೌಸ್ ಉರುಳಿಸುವುದರಲ್ಲಿ ಹೋಗುವ ಸಮಯದ ಬಗ್ಗೆ ನಾನೇನೂ ಹೇಳಬೇಕಿಲ್ಲ. ಬರೆದು ಬಂದವರು ಇಲ್ಲೇ ಇದ್ದಾರೆ, ಅವರ ಮುಖ ನೋಡಿ ಸಾಕು.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳಿಬಿಡುತ್ತೇನೆ.

ಆಫೀಸಿನಲ್ಲಿ ಬರೀ ಕಾಂಕ್ರೀಟ್ ಮಾಡುವವರು ಮರ ಮತ್ತು ಮ್ಯಾಸನ್ರಿಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅವನ್ನೇ ಮೊದಲು ಮುಗಿಸಿ. ಕಟ್ಟಡದವರು ಸೇತುವೆಗೆ ಹೆದರುತ್ತಾರೆ, ಆದರೆ ಬ್ರೆಡ್ತ್ ಭಾಗದಲ್ಲಿ ಅದು ಬಂದೇ ಬರುತ್ತದೆ, ಸೇತುವೆಗಳ ಆಶ್ಟೋ ಕೋಡಿನಲ್ಲಿ ಲೋಡ್ ಎಲ್ಲಿದೆ ಎಂಬಷ್ಟಾದರೂ ಗೊತ್ತಿರಲಿ.

ಡೆಪ್ತ್ ಬಗ್ಗೆ ತುಂಬಾ ಹೇಳುವುದಿತ್ತು, ಬಿಡುತ್ತೇನೆ. ಪ್ರಶ್ನೆ ಓದಿದ ಕೂಡಲೇ ಕ್ಯಾಲ್ಕುಲೇಟರ್ ಮುಟ್ಟಬೇಡಿ. ಕೊಟ್ಟ ಹಾಳೆಯಲ್ಲಿ ಒಂದು ಗೀಟು ಚಿತ್ರ ಹಾಕಿ, ಸೂರಿನಿಂದ ಫೌಂಡೇಶನ್‌ವರೆಗೆ ಬಾಣ ಎಳೆಯಿರಿ. ಬಾಣ ಎಲ್ಲಿ ತುಂಡಾಗುತ್ತದೋ ಪ್ರಶ್ನೆ ಅಲ್ಲೇ ಇರುತ್ತದೆ.

ಮೊದಲು ಯಾವ ಭಾಗ ಬರೆಯಬೇಕು ಎಂದು ಮೂರು ಚೀಟಿ ಬಂದಿವೆ. ನನ್ನ ಕೇಳಿದರೆ ಲ್ಯಾಟರಲ್. ವರ್ಟಿಕಲ್ ಓದಿದ್ದು ದಿನದ ಕೆಲಸದಲ್ಲಿ ಹೇಗೂ ನೆನಪಿರುತ್ತದೆ, ಲ್ಯಾಟರಲ್ ಓದಿದ್ದು ಆರು ತಿಂಗಳು ಬಿಟ್ಟರೆ ಆವಿಯಾಗುತ್ತದೆ. ಇದನ್ನು ಒಪ್ಪದವರು ಇದ್ದಾರೆ, ಎರಡನೇ ಸಾಲಿನಲ್ಲೇ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ.