ಬಿಳಿಗಿರಿ ಬೆಟ್ಟದ ತರಗುಬೆಂಕಿ

ಕೇಳುಗರಿಗೆಲ್ಲ ನಮಸ್ಕಾರ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಯಳಂದೂರಿನಿಂದ ಬಸ್ಸು ಹತ್ತಿ, ರಂಗನಾಥನಿಗೆ ಕೈ ಮುಗಿದು, ಸಂಜೆಯೊಳಗೆ ವಾಪಸ್ಸು ಬಂದಿರುತ್ತೀರಿ. ದಾರಿ ಬದಿಯಲ್ಲಿ ಹಳದಿ, ಗುಲಾಬಿ ಹೂವಿನ ಪೊದೆ ಕಂಡು ಫೋಟೋನೂ ತೆಗೆದಿರಬಹುದು. ಅದು ಲಂಟಾನ. ಬ್ರಿಟಿಷರು ತೋಟದ ಚೆಂದಕ್ಕೆ ಅಂತ ತಂದ ಅಮೆರಿಕದ ಗಿಡ.

ಈ ಲಂಟಾನ ಬೆಟ್ಟದ ಕಾಡಲ್ಲೆಲ್ಲ ಈ ಪರಿ ಹಬ್ಬಿದ್ದು ಯಾಕೆ? ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರ ಹಿರಿಯರನ್ನು ಕೇಳಿದರೆ ಉತ್ತರ ನೇರವಾಗಿ ಬರುತ್ತದೆ: ಬೆಂಕಿ ಹಾಕುವುದು ನಿಂತಿತು, ಅದಕ್ಕೆ.

ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡನ್ನೂ ಬೆಸೆಯುವ ಬೆಟ್ಟಸಾಲು ಇದು. ಕೆಳಗೆ ಕುರುಚಲು, ನಡುವೆ ಎಲೆ ಉದುರುವ ಕಾಡು, ತುದಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ, ಅಂದರೆ ಕಣಿವೆಗಳಲ್ಲಿ ಬೆಳೆಯುವ ದಟ್ಟ ಹಸಿರು ಕಾಡು. ಸೋಲಿಗರ ಪೋಡುಗಳು, ಅಂದರೆ ಹಟ್ಟಿಗಳು, ಇದರೊಳಗೇ ಇದ್ದವು. ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದರು, ಜೇನು, ನೆಲ್ಲಿಕಾಯಿ ತರುತ್ತಿದ್ದರು. ತಮ್ಮ ಹುಡುಗಿಯನ್ನು ಮದುವೆಯಾದ ರಂಗಸ್ವಾಮಿ ಇವರಿಗೆ ಭಾವ! ದೇವರ ಜೊತೆ ಇಷ್ಟು ಸಲುಗೆ ನಮಗೆಲ್ಲಿ ಬರಬೇಕು?

ಬೇಸಿಗೆ ಬಲಿಯುವ ಮೊದಲೇ ಇವರು ಹಾಕುತ್ತಿದ್ದದ್ದು ತರಗುಬೆಂಕಿ. ಆಗ ಹುಲ್ಲು ಪೂರ್ತಿ ಒಣಗಿರುವುದಿಲ್ಲ, ಹಾಗಾಗಿ ಬೆಂಕಿ ಮೊಣಕಾಲು ಮಟ್ಟ ದಾಟದೆ ತರಗೆಲೆ, ಲಂಟಾನದ ಎಳೆ ಸಸಿಗಳನ್ನು ತಿಂದು ಆರಿಹೋಗುತ್ತಿತ್ತು, ಮಳೆ ಬಿದ್ದರೆ ಅಲ್ಲೇ ಹೊಸ ಹುಲ್ಲು. ಇನ್ನೊಂದು ಲಾಭ ನೆಲ್ಲಿಮರಕ್ಕೆ. ನೆಲ್ಲಿಯ ಕೊಂಬೆ ಮೇಲೆ ಉಪ್ಪಿಲು ಅಂತ ಒಂದು ಬದನಿಕೆ ಬೆಳೆಯುತ್ತದೆ. ಅದರ ಹಣ್ಣು ತಿಂದ ಪುಟ್ಟ ಹಕ್ಕಿ ಅಂಟು ಬೀಜವನ್ನು ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲೇ ಮೊಳೆತು ತೊಗಟೆಯೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ. ವರ್ಷ ಕಳೆದಂತೆ ಕಾಯಿ ಕಮ್ಮಿ, ಕೊನೆಗೆ ಮರವೇ ಒಣಗುತ್ತದೆ. ಬೆಂಕಿಯ ಬಿಸಿ ಉಪ್ಪಿಲನ್ನು ಹತೋಟಿಯಲ್ಲಿಡುತ್ತಿತ್ತು ಅಂತಾರೆ ಸೋಲಿಗರು. ಕಾಯಿ ಕೀಳಲು ಹೋದವರು ಅದನ್ನು ಕತ್ತರಿಸಿಯೂ ಹಾಕುತ್ತಿದ್ದರು.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಬೇಟೆ ನಿಂತಿತು, ಸರಿ. ಆದರೆ ಬೇಸಾಯವೂ ಹೋಯಿತು, ತರಗುಬೆಂಕಿಯೂ ಅಪರಾಧವಾಯಿತು. ಜನರನ್ನು ಪೋಡುಗಳಲ್ಲಿ ಒಂದೇ ಕಡೆ ನೆಲೆಗೊಳಿಸಿದರು. ಮುಂದೆ ಕೆಲವು ವರ್ಷ ಕಾಡಿನ ಉತ್ಪನ್ನ ಸಂಗ್ರಹಕ್ಕೂ ತಡೆ ಬಿತ್ತು, ಅಲ್ಲಿಗೆ ಉಪ್ಪಿಲು ಕತ್ತರಿಸುವವರೂ ಇಲ್ಲ. ಇತ್ತ ಲಂಟಾನ ಆಳೆತ್ತರ ಬೆಳೆದು ಹುಲ್ಲನ್ನು ನುಂಗಿತು. ಹುಲ್ಲು ಹೋದರೆ ಜಿಂಕೆ, ಕಾಟಿ ಏನು ತಿನ್ನಬೇಕು? ಈಗ ಎಲ್ಲೋ ಕಿಡಿ ಬಿದ್ದರೆ ಒಣಗಿದ ಪೊದೆ ಹಿಡಿದು ಬೆಂಕಿ ನೇರ ಮರದ ತಲೆಗೇ ಏರುತ್ತದೆ. ಬೆಂಕಿ ಬೇಡ ಅಂದಿದ್ದಕ್ಕೆ ಜಾಸ್ತಿ ಬೆಂಕಿ ಸಿಕ್ಕಿತು, ನೋಡಿ.

ಒಬ್ಬ ಇಬ್ಬರು ವಿಜ್ಞಾನಿಗಳಲ್ಲ, ಈ ಕಾಡಲ್ಲೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಹಲವರು ಸೋಲಿಗರ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಹಾಗಂತ ಇವತ್ತು ಸುಮ್ನೆ ಕಡ್ಡಿ ಗೀರಿದರೆ ಆಗದು. ಲಂಟಾನ ಇಷ್ಟು ದಟ್ಟವಾದ ಮೇಲೆ ಅದನ್ನು ಮೊದಲು ಬುಡಸಮೇತ ತೆಗೆಯಬೇಕು. ಕಿತ್ತ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡುವುದನ್ನು ಕೆಲವರು ಕಲಿತಿದ್ದಾರೆ, ಆದರೆ ಕಾಡಿನಲ್ಲಿರುವ ಲಂಟಾನಕ್ಕೆ ಅದೆಲ್ಲ ಯಾವ ಲೆಕ್ಕ?

2011ರ ಜನವರಿಯಲ್ಲಿ ಈ ಕಾಡನ್ನು ಹುಲಿ ಮೀಸಲು ಪ್ರದೇಶ ಮಾಡಿದರು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ ತರುವುದಕ್ಕೆ ಈಗ ಕಾನೂನಿನ ಬಲವಿದೆ, ಕಾಡು ಕಾಯುವುದರಲ್ಲಿ ಗ್ರಾಮಸಭೆಗೂ ಪಾಲಿದೆ. ತರಗುಬೆಂಕಿ ಯಾವ ಜಾಗದಲ್ಲಿ, ಯಾವ ತಿಂಗಳು ಅನ್ನುವುದನ್ನೂ ಅರಣ್ಯ ಇಲಾಖೆ ಅದೇ ಸಭೆಯಲ್ಲಿ ಹಿರಿಯರ ಜೊತೆ ಕೂತು ಗೊತ್ತುಮಾಡಲಿ, ಮೊದಲು ಒಂದು ಸಣ್ಣ ತುಂಡು ಕಾಡಿನಲ್ಲಿ ಮಾಡಿ ನೋಡಲಿ. ಆ ಬೆಂಕಿ ಹಾಕಿ ಗೊತ್ತಿರುವವರಿಗೆ ಈಗಾಗಲೇ ವಯಸ್ಸಾಗಿದೆ. ನಮಸ್ಕಾರ.