ಹನ್ನೆರಡು ಅಡಿಗೆ ಒಂದಡಿ: ಊರವರೇ ಕಟ್ಟುವ ರ್‍ಯಾಂಪ್

ಕೇಳುಗರೇ, ನಮಸ್ಕಾರ.

ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಶಾಲೆಗೋ ಗ್ರಂಥಾಲಯಕ್ಕೋ ಗಾಲಿಕುರ್ಚಿ ಏರುವ ಇಳಿಜಾರು ದಾರಿ, ಅಂದರೆ ಒಂದು ರ್‍ಯಾಂಪ್ ಬೇಕೆಂದರೆ, ಊರ ಹುಡುಗರೇ ಸಿಮೆಂಟು, ಉಸುಕು ಕೂಡಿಸಿಕೊಂಡು ಶ್ರಮದಾನಕ್ಕೆ ನಿಲ್ಲುವುದುಂಟು. ಮೆಚ್ಚಬೇಕಾದ ಕೆಲಸ. ಆದರೆ ಇರುವ ಮೂರು ಮೆಟ್ಟಿಲಿನ ಮೇಲೆ ಕಾಂಕ್ರೀಟ್ ಸುರಿದು ಸಪಾಟು ಮಾಡಿದರೆ ಅದು ರ್‍ಯಾಂಪ್ ಆಗುವುದಿಲ್ಲ, ಜಾರುಬಂಡಿಯಾಗುತ್ತದೆ. ಅಷ್ಟು ಕಡಿದಾದಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ, ತಳ್ಳುವವರಿಗೂ ತಡೆಯಲಾಗುವುದಿಲ್ಲ. ಮೆಟ್ಟಿಲೂ ಹೋಯಿತು. ಊರುಗೋಲು ಹಿಡಿದು ನಡೆಯುವ ಅನೇಕರಿಗೆ ಇಳಿಜಾರಿಗಿಂತ ಮೆಟ್ಟಿಲೇ ಅನುಕೂಲ. ಆದ್ದರಿಂದ ಮೆಟ್ಟಿಲು ಇರಲಿ, ರ್‍ಯಾಂಪ್ ಪಕ್ಕದಲ್ಲಿ ಬರಲಿ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಕಟ್ಟಡಗಳ ಅಡಿಪಾಯ ಸಾಮಾನ್ಯವಾಗಿ ಒಂದೂವರೆ ಅಡಿ ಎತ್ತರ, ಅಂದರೆ 45 ಸೆಂಟಿಮೀಟರ್. ಅದಕ್ಕೆ 18 ಅಡಿ ಉದ್ದ. ಮೇಲೊಂದು, ಕೆಳಗೊಂದು ಐದೈದು ಅಡಿಯ ಸಮತಟ್ಟು ಜಾಗ ಸೇರಿದರೆ 28 ಅಡಿ. ಅಂಗಳ ಸಾಲದಿದ್ದರೆ ಗೋಡೆಗುಂಟ ತಿರುಗಿಸಿ, ತಿರುವಿನಲ್ಲಿಯೂ ಐದಡಿ ಸಮತಟ್ಟು ಬಿಡಿ. ಓಡಾಡುವ ಅಗಲ ನಾಲ್ಕು ಅಡಿಗೆ ಕಡಿಮೆ ಬೇಡ. ಎತ್ತರವನ್ನು ಬಾಗಿಲ ಒಳಗಿನ ನೆಲದಿಂದಲೇ ಅಳೆಯಿರಿ. ಹದಿನೆಂಟು ಅಡಿ ಸರಿಯಾಗಿ ಏರಿಬಂದ ಕುರ್ಚಿ ಎರಡಿಂಚಿನ ಹೊಸ್ತಿಲಿಗೆ ಸಿಕ್ಕಿ ನಿಂತುಬಿಡುತ್ತದೆ.

ಪರವಾನಗಿಯ ಮಾತು. ಜಾಗ ಎಲ್ಲರದ್ದು ಎಂದ ಮಾತ್ರಕ್ಕೆ ಯಾರು ಬೇಕಾದರೂ ಕಟ್ಟುವಂತಿಲ್ಲ. ಕಟ್ಟಡ ಯಾರ ಸುಪರ್ದಿಯಲ್ಲಿದೆಯೋ ಅವರಿಗೆ ಅಳತೆಯ ನಕ್ಷೆ ಹಚ್ಚಿ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಪಡೆಯಿರಿ. ನಕ್ಷೆಯಲ್ಲಿ ಗಟಾರ ತೋರಿಸಿರಬೇಕು. ಗಟಾರ ಮುಚ್ಚಿ ಕಟ್ಟಿದ ರ್‍ಯಾಂಪ್ ಮೊದಲ ದೊಡ್ಡ ಮಳೆಗೇ ನೀರನ್ನು ಓಣಿಗೆ ನುಗ್ಗಿಸುತ್ತದೆ.

ಇನ್ನು ಮಣ್ಣು. ಇಲ್ಲಿ ಹೆಚ್ಚಿನ ಕೆಲಸ ಕೆಡುವುದೇ ಇದರಿಂದ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಹಾಕಿದ ಚಪ್ಪಡಿ ಒಂದೆರಡು ಮಳೆಗಾಲದಲ್ಲೇ ಸೀಳುತ್ತದೆ. ಕನಿಷ್ಠ ಎರಡು ಅಡಿ ಎರೆ ತೆಗೆದು ಗರಸು ತುಂಬಿ. ಆರಿಂಚಿನ ಒಂದೊಂದು ಪದರಕ್ಕೂ ನೀರು ಹೊಡೆದು ಧಮ್ಮಸ್ಸು ಮಾಡಿ. ಎರಡಡಿ ಒಮ್ಮೆಲೇ ಸುರಿದು ಮೇಲೆ ಬಡಿದರೆ ಅಡಿಯದು ಸಡಿಲವಾಗಿಯೇ ಉಳಿಯುತ್ತದೆ. ತೆಗೆದ ಎರೆಯನ್ನು ಮತ್ತೆ ರ್‍ಯಾಂಪಿನ ಹೊಟ್ಟೆಗೆ ತುಂಬಬೇಡಿ, ದಯವಿಟ್ಟು. ಹಳೆಯ ಕಟ್ಟಡ ಕುಸಿಯುವಷ್ಟು ಕುಸಿದು ಕೂತಿರುತ್ತದೆ, ಹೊಸ ರ್‍ಯಾಂಪ್ ಇನ್ನು ಕೂರಬೇಕು. ಎರಡನ್ನೂ ಸರಳಿನಿಂದ ಬಿಗಿಯದೆ ನಡುವೆ ಅರ್ಧ ಇಂಚು ಸಂದು ಬಿಟ್ಟು ಡಾಂಬರು ಹಾಳೆ ಇಡಿ. ಸಂದು ಅದಕ್ಕಿಂತ ಅಗಲವಾದರೆ ಕುರ್ಚಿಯ ಮುಂದಿನ ಸಣ್ಣ ಗಾಲಿ ಅದರೊಳಗೆ ಇಳಿಯುತ್ತದೆ.

ಇಳಿಜಾರು ಪರೀಕ್ಷಿಸುವುದು ಸುಲಭ. ನಾಲ್ಕಡಿ ಉದ್ದದ ನೇರ ಪಟ್ಟಿಯನ್ನು ಇಳಿಜಾರಿನ ಉದ್ದಕ್ಕೆ ಇಟ್ಟು, ಕೆಳತುದಿಯಡಿ ನಾಲ್ಕಿಂಚಿನ ಕಟ್ಟಿಗೆ ತುಂಡು ಇರಿಸಿ, ಮೇಲೆ ಮಟ್ಟ ನೋಡುವ ಗುಳ್ಳೆಯ ಲೆವೆಲ್ ಹಿಡಿಯಿರಿ. ಗುಳ್ಳೆ ನಡುವೆ ನಿಂತರೆ 1:12. ಪಟ್ಟಿಯ ಕೆಳತುದಿಯನ್ನು ಇನ್ನೂ ಎತ್ತಬೇಕಾಯಿತೆಂದರೆ ಕಡಿದಾಗಿದೆ. ಗರಸಿನ ಹಂತದಲ್ಲೇ ನೋಡಿಕೊಂಡರೆ ಸಲಿಕೆಯಿಂದ ತಿದ್ದಬಹುದು.

ಚಪ್ಪಡಿ ನಾಲ್ಕು ಇಂಚು ದಪ್ಪ, 8 ಮಿಲಿಮೀಟರ್ ಸರಳು ಎರಡೂ ದಿಕ್ಕಿಗೆ ಎಂಟೆಂಟು ಇಂಚಿಗೆ. ಅಂಚು ಸೇರಿ ಐದಡಿ ಅಗಲ ಹಿಡಿದರೆ, ಮೇಲಿನ ಸಮತಟ್ಟು ಜಾಗವೂ ಸೇರಿ ಸುಮಾರು ಒಂದು ಘನ ಮೀಟರ್ ಕಾಂಕ್ರೀಟ್. ಸಿಮೆಂಟು, ಉಸುಕು, ಖಡಿ 1:1.5:3 ಮಿಶ್ರಣಕ್ಕೆ ಎಂಟೊಂಬತ್ತು ಚೀಲ ಸಿಮೆಂಟು, ಸುಮಾರು 40 ಕಿಲೋ ಸರಳು. ಪಕ್ಕದ ಗೋಡೆಗಳ ಸಾಮಾನು ಬೇರೆ. ಚೀಲಕ್ಕೆ 30 ಲೀಟರ್‌ಗಿಂತ ಹೆಚ್ಚು ನೀರು ಬೇಡ. ಹರಡಲು ಹಗುರಾಗಲೆಂದು ಗೌಂಡಿ ಇನ್ನೊಂದು ಕೊಡ ಸುರಿಯ ಹೋದರೆ ತಡೆಯಿರಿ: ತೆಳುವಾದ ಕಾಂಕ್ರೀಟ್ ಇಳಿಜಾರಿನಲ್ಲಿ ಕೆಳಕ್ಕೆ ಹರಿದು, ಮೇಲೆ ಬರೀ ಖಡಿ ಉಳಿಯುತ್ತದೆ. ಡೋಣಿ ಹೊಳೆಯ ದಂಡೆಯ ಊರುಗಳಲ್ಲಿ ಉಪ್ಪುನೀರು ಕಲಸಿದರೆ ಸರಳು ಒಳಗೇ ತುಕ್ಕು ಹಿಡಿಯುತ್ತದೆ. ಕುಡಿಯುವ ನೀರನ್ನೇ ಬಳಸಿ.

ಕಾಂಕ್ರೀಟ್ ಗಟ್ಟಿಯಾಗಲೆಂದು ಮಾಳಿಗೆಯ ಮೇಲೆ ಬದು ಕಟ್ಟಿ ನೀರು ನಿಲ್ಲಿಸುವ ರೂಢಿ ಇಲ್ಲಿ ನಡೆಯದು, ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಗೋಣಿಚೀಲ ಹಾಸಿ, ನಮ್ಮ ಬಿಸಿಲಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ, ಒಣಗದಂತೆ ನೋಡಿಕೊಳ್ಳಿ.

ಮೇಲ್ಮೈಗೆ ಹಸಿ ಇರುವಾಗಲೇ ಕಸಬರಿಗೆಯಿಂದ ಅಡ್ಡಡ್ಡ ಗೆರೆ ಎಳೆದರೆ ಸಾಕು. ಇಳಕಲ್ಲಿನ ಪಾಲಿಶ್ ಗ್ರಾನೈಟ್ ಯಾರಾದರೂ ದಾನ ಕೊಟ್ಟರೆ ಅದನ್ನು ಗೋಡೆಗೆ ಹಚ್ಚಿ. ಎರಡೂ ಅಂಚಿಗೆ ಮೂರ್ನಾಲ್ಕು ಇಂಚಿನ ದಿಂಡು ಇದ್ದರೆ ಗಾಲಿ ಹೊರಜಾರುವುದಿಲ್ಲ. ಹಿಡಿಕೆಗೆ ಒಂದೂಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಎರಡೂ ಬದಿಗೆ, 90 ಮತ್ತು 75 ಸೆಂಟಿಮೀಟರ್ ಎತ್ತರದಲ್ಲಿ ಎರಡು ಸಾಲು. ತುದಿಗಳು ಇಳಿಜಾರು ಮುಗಿದ ಮೇಲೂ ಒಂದಡಿ ಮುಂದೆ ಚಾಚಿರಬೇಕು, ಯಾಕೆಂದರೆ ಕೈ ಬಿಡುವ ಆ ಜಾಗದಲ್ಲೇ ಮನುಷ್ಯ ತೂಗಾಡುವುದು.

ಬೈಕ್ ಹತ್ತಬಾರದೆಂದು ರ್‍ಯಾಂಪಿನ ಬಾಯಲ್ಲಿ ನಡುವೆ ಪೈಪು ಹುಗಿಯುವವರಿದ್ದಾರೆ. ನಾಲ್ಕಡಿಯ ನಡುವೆ ಪೈಪು ನಿಂತರೆ ಗಾಲಿಕುರ್ಚಿ ಎರಡೂ ಕಡೆ ತೂರದು. ಬೈಕಿಗೆ ಮೆಟ್ಟಿಲ ಆಚೆ ಬದಿಯಲ್ಲಿ ಸುಣ್ಣದ ಗೆರೆ ಹಾಕಿ ಜಾಗ ತೋರಿಸಿ, ರ್‍ಯಾಂಪಿನ ಬಾಯಿ ಖಾಲಿ ಬಿಡಿ.

ನಮಸ್ಕಾರ.